ಕೊನೆಯವರ ಜಾಕೆಟ್ಟು

"ಬಂತೇನಮ್ಮಾ ನಿನ್ನ ಬಾಲ?" ಎಂದು ತೂಬಿನ ಮಾಮ ಮೇಲಿನಿಂದ ಮತ್ತೆ ಕೂಗಿದ.

ಅಕ್ಕ ಸೈಕಲ್ಲನ್ನು ಕಟ್ಟೆಯ ಗೋಡೆಗೆ ಒರಗಿಸಿ, ಹಣೆಗೆ ಕೈ ಅಡ್ಡ ಹಿಡಿದು, ಜೌಗಿನ ನಡುವೆ ಹಾದುಬರುವ ತಗ್ಗಿನ ದಾರಿಯನ್ನೇ ನೋಡುತ್ತಿದ್ದಳು. ವಕೀಲ ಅಣ್ಣತಮ್ಮಂದಿರು ಆಗಲೇ ಬಂದು, ದಾರಿಯಲ್ಲಿ ಕಂಡದ್ದು ಕೊಕ್ಕರೆಯೋ ಬೇರೇನೋ ಎಂದು ಬಿಸ್ಕತ್ತು ತಿನ್ನುತ್ತಾ ವಾದಕ್ಕೆ ಬಿದ್ದಿದ್ದರು. ಹಲ್ಲಿನ ಡಾಕ್ಟರು, ಅವರ ಹೆಂಡತಿ, ಎಲ್ಲರ ಹಿಂದೆ ಬರುವ ತಂಗಿ ಇನ್ನೂ ಬರಬೇಕಿತ್ತು. ಕಟ್ಟೆಯ ಹತ್ತಿರ ಜೊಂಡು ಆಳೆತ್ತರ ಬೆಳೆದಿದ್ದರಿಂದ ಯಾರು ಎಲ್ಲಿದ್ದಾರೆಂಬುದು ಕಾಣುತ್ತಿರಲಿಲ್ಲ.

ಕಟ್ಟೆಯ ಒಂದು ಕಡೆ ಕಡಲು, ಇನ್ನೊಂದು ಕಡೆ ಕಣ್ಣು ಹಾಯುವಷ್ಟು ದೂರ ಚಪ್ಪಟೆ ಜೌಗು. ಉಬ್ಬರ ಏರುತ್ತಿತ್ತು. ತೂಬಿನ ಮರದ ಬಾಗಿಲುಗಳನ್ನು ಕಡಲ ನೀರು ಆಚೆಯಿಂದ ದಬದಬನೆ ಬಡಿಯುತ್ತಿತ್ತು. ಹೊತ್ತಿಗೆ ಸರಿಯಾಗಿ ಬಾಗಿಲು ಎತ್ತಿ ಆ ನೀರನ್ನು ಒಳಗೆ ಬಿಡಬೇಕು. ಜೌಗಿನ ಮೀನುಮರಿ, ಸೀಗಡಿ, ಅವುಗಳಿಗಾಗಿ ಎಲ್ಲೆಲ್ಲಿಂದಲೋ ಹಾರಿ ಬರುವ ಹಕ್ಕಿಗಳು, ಎಲ್ಲವೂ ಬದುಕುವುದು ಅದರಿಂದಲೇ. ತಡ ಮಾಡಿದರೆ ಒತ್ತಡಕ್ಕೆ ಬಾಗಿಲು ಕಚ್ಚಿ ಕೂತುಬಿಡುತ್ತದೆ, ಆಮೇಲೆ ಎತ್ತುವುದು ಯಾರಪ್ಪನ ಕೈಲೂ ಆಗುವುದಿಲ್ಲ. ಎತ್ತಿದರೆ ತಗ್ಗಿನ ದಾರಿ ಮುಳುಗುತ್ತದೆ. ಆದ್ದರಿಂದ ಸೈಕಲ್ಲಿನವರು ದಾಟುವ ದಿನ ಮಾಮ ಬಾಗಿಲೆತ್ತುವ ಚಕ್ರದ ಮೇಲೆ ಕೈ ಇಟ್ಟುಕೊಂಡು ಅಕ್ಕನ ಸನ್ನೆಗೆ ಕಾಯುವುದು ಪದ್ಧತಿ.

ಸನ್ನೆಗೂ ಒಂದು ಲೆಕ್ಕವಿತ್ತು. ಎಲ್ಲರಿಗಿಂತ ಮುಂದೆ ಅಕ್ಕ, ಎಲ್ಲರಿಗಿಂತ ಹಿಂದೆ ತಂಗಿ, ನಡುವೆ ಹಕ್ಕಿ ನೋಡಲು ಪೇಟೆಯಿಂದ ಬಂದವರು. ಹಿಂದೆ ಇರುವವರಿಗೆ ಕಿತ್ತಳೆ ಬಣ್ಣದ ಜಾಕೆಟ್ಟು. ಪ್ರತಿ ತಿರುವಿನಲ್ಲೂ ಅಕ್ಕ ನಿಂತು, ಜಾಕೆಟ್ಟು ಕಂಡ ಮೇಲೆ ಕೈ ಎತ್ತಿ ಹೊರಡಬೇಕು. ಜಾಕೆಟ್ಟು ಬಂತೆಂದರೆ ಅದರ ಹಿಂದೆ ಒಂದು ನರಪಿಳ್ಳೆಯೂ ಇಲ್ಲವೆಂದೇ ಅರ್ಥ. ತಲೆ ಎಣಿಸುವ ರಗಳೆ ಬೇಡವೆಂದೇ ಅಕ್ಕ ಈ ಏರ್ಪಾಟು ಮಾಡಿಕೊಂಡಿದ್ದಳು. ಪೇಟೆಯವರ ತಲೆಗಳು ಒಂದು ಕಡೆ ನಿಲ್ಲುವುದಿಲ್ಲ, ಜಾಕೆಟ್ಟು ನಿಲ್ಲುತ್ತದೆ ಎಂದು ಅವಳ ನಂಬಿಕೆ.

ತಂಗಿಗೆ ಬಾಲ ಎಂಬ ಹೆಸರು ಬಿದ್ದದ್ದು ಮಾತ್ರ ಈ ಕೆಲಸದಿಂದಲ್ಲ. ಚಿಕ್ಕವಳಿದ್ದಾಗಲೇ ಅವಳು ಅಕ್ಕ ಹೋದಲ್ಲೆಲ್ಲ ಹಿಂದೆ ಹಿಂದೆ ಓಡುತ್ತಿದ್ದಳು. ಅಕ್ಕ ಸೈಕಲ್ಲು ಕಲಿತಳು, ಅವಳೂ ಕಲಿತಳು. ಅಕ್ಕ ಈ ಕೆಲಸ ಹಿಡಿದಳು, ಅವಳೂ ಬಂದು ಪಂಪು ಹಿಡಿದು ನಿಂತಳು. ಊರೆಲ್ಲ ಬಾಲ ಬಾಲ ಎಂದು ಕರೆದರೂ ಮುನಿಸಿಕೊಂಡವಳಲ್ಲ.

ಅಂಥವಳು ಹಿಂದಿನ ಸಂಜೆ ಶೆಡ್ಡಿನಲ್ಲಿ ಚೈನುಗಳಿಗೆ ಎಣ್ಣೆ ಬಿಡುತ್ತಾ, ತಲೆ ಎತ್ತದೆಯೇ, "ಅಕ್ಕಾ, ನಾನು ಗುಡ್ಡದ ಕಡೆ ಹೋಗ್ತೀನಿ. ಅಲ್ಲಿ ಸೈಕಲ್ ಪ್ರವಾಸ ಶುರು ಮಾಡ್ತಿದಾರೆ. ಮುಂದೆ ನಿಂತು ನಡೆಸೋಕೆ ಯಾರಾದ್ರೂ ಬೇಕಂತೆ. ನಾನು ಬರ್ತೀನಿ ಅಂದಿದೀನಿ" ಎಂದುಬಿಟ್ಟಳು.

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹೋಗಬೇಡ ಎನ್ನಬೇಕಿತ್ತು, ನೀನಿಲ್ಲದೆ ನನಗೆ ಆಗುವುದಿಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದೇ ಬೇರೆ. "ಮುಂದೆ ನಿಲ್ತೀಯಾ? ಹಿಂದೆ ಬರೋದು ಬಿಟ್ರೆ ನಿನಗೆ ಇನ್ನೇನು ಬರುತ್ತೆ?"

ತಂಗಿ ಎಣ್ಣೆ ಡಬ್ಬಿಯ ಮುಚ್ಚಳ ಹಾಕಿ, ಬಟ್ಟೆಯಲ್ಲಿ ಕೈ ಒರೆಸಿಕೊಂಡು ಎದ್ದುಹೋದಳು. ಬೆಳಿಗ್ಗೆಯಿಂದ ಇಬ್ಬರ ನಡುವೆ ಮಾತಿಲ್ಲ, ಕಥೆಯಿಲ್ಲ. ತಿರುವುಗಳಲ್ಲಿ ಅಕ್ಕ ಕೈ ಎತ್ತಿದ್ದಳು, ಅಷ್ಟೇ. ಮುಖ ನೋಡಿದರೆ ಎಲ್ಲಿ ಅಳು ಬರುತ್ತದೋ ಎಂದು ನೋಡಿಯೇ ಇರಲಿಲ್ಲ.

"ಏನಮ್ಮಾ, ನೀರು ಮೇಲಿನ ಹಲಗೆ ಮುಟ್ತು. ಇನ್ನು ತಡ ಆದ್ರೆ ನನ್ನ ಕೈಲಿ ಆಗಲ್ಲ" ಎಂದ ಮಾಮ.

ಆಗ ಜೊಂಡಿನ ಸಂದಿಯಲ್ಲಿ ಕಿತ್ತಳೆ ಬಣ್ಣ ಒಮ್ಮೆ ಕಾಣಿಸಿ ಮರೆಯಾಯಿತು, ಮತ್ತೆ ಕಾಣಿಸಿತು. ಅಕ್ಕನ ಎದೆ ಹಗುರಾಯಿತು. ಡಾಕ್ಟರ ದಂಪತಿಗಳು ಅದರ ಮುಂದೆ ಎಲ್ಲೋ ಜೊಂಡಿನೊಳಗೆ ಇದ್ದಾರೆಂದುಕೊಂಡಳು. ಇನ್ನೊಂದು ಗಳಿಗೆಗೆ ಜಾಕೆಟ್ಟು ಬಯಲಿಗೆ ಬರುತ್ತದೆ, ತಂಗಿ ಎದುರಿಗೆ ಬಂದು ಇಳಿಯುತ್ತಾಳೆ, ಆ ಮುಖಕ್ಕೆ ಮುಖ ಕೊಡಬೇಕಾಗುತ್ತದೆ. ಬೇಡಪ್ಪ ಎನಿಸಿ ಅಕ್ಕ ಬೆನ್ನು ತಿರುಗಿಸಿ, ಕಡಲ ಕಡೆ ನೋಡುತ್ತಾ ಕೈ ಎತ್ತಿದಳು.

ಮಾಮ ಚಕ್ರ ತಿರುಗಿಸಿದ. ಬಾಗಿಲುಗಳು ನರಳುತ್ತಾ ಮೇಲೆದ್ದವು. ಕಡಲು ಒಮ್ಮೆ ಮುಗ್ಗರಿಸಿದಂತಾಗಿ, ಆಮೇಲೆ ಬುಸುಗುಡುತ್ತಾ ಒಳಗೆ ನುಗ್ಗಿತು. ವಕೀಲರಲ್ಲಿ ಚಿಕ್ಕವರು "ಆಹಾ" ಎಂದು ಫೋನು ತೆಗೆದು ಫೋಟೋ ಹೊಡೆದರು.

ಹಿಂದೆ ಬ್ರೇಕಿನ ಕಿರುಗುಟ್ಟುವಿಕೆ ಕೇಳಿತು. ಏದುಸಿರು ಬಿಡುತ್ತಾ ಯಾರೋ ಇಳಿದರು. "ಅಕ್ಕಾ, ನಿಮ್ಮ ತಂಗಿ ಹೇಳೋಕೆ ಹೇಳಿದ್ರು. ಅವರೂ ನಮ್ಮನೆಯವಳೂ ಹಿಂದೆ ಇದಾರಂತೆ. ಸ್ವಲ್ಪ ಕಾಯ್ಬೇಕಂತೆ."

ಅಕ್ಕ ತಿರುಗಿ ನೋಡಿದಳು. ಕಿತ್ತಳೆ ಜಾಕೆಟ್ಟಿನೊಳಗೆ ಹಲ್ಲಿನ ಡಾಕ್ಟರು ನಿಂತಿದ್ದರು. ಜಿಪ್ಪು ಹೊಟ್ಟೆಯ ಹತ್ತಿರ ಬಂದು ಸೋತು ನಿಂತಿತ್ತು. ಸೊಂಟದಿಂದ ಕೆಳಗೆ ಪ್ಯಾಂಟಿನ ತುಂಬ ಕೆಸರು ಮೆತ್ತಿತ್ತು.

"ನೀರುನಾಯಿ ಫೋಟೋ ತೆಗೀತಾ ಕೆಸರಲ್ಲಿ ಹೂತುಹೋದೆ. ನಿಮ್ಮ ತಂಗಿನೇ ಎಳೆದು ಹಾಕಿದ್ರು. ಚಳಿಗೆ ನಡುಗ್ತಾ ಇದ್ದೆ ಅಂತ ಇದನ್ನ ಬಿಚ್ಚಿ ಕೊಟ್ರು ನೋಡಿ. ಅಷ್ಟರಲ್ಲಿ ಇವಳ ಟಯರು ಪಂಕ್ಚರ್..." ಡಾಕ್ಟರು ಅಲ್ಲಿಗೆ ನಿಲ್ಲಿಸಿದರು. ಅಕ್ಕನ ಮುಖ ನೋಡಿದರು. ಆಮೇಲೆ ತೂಬಿನ ಕೆಳಗೆ ಬಿಳಿನೊರೆ ಎಬ್ಬಿಸಿ ನುಗ್ಗುತ್ತಿದ್ದ ನೀರನ್ನು ನೋಡಿದರು. "ಈ ನೀರು ಎಲ್ಲಿಗೆ ಹೋಗುತ್ತೆ?"

"ಇಳಿಸಿ ಮಾಮಾ! ಇಳಿಸಿ, ಇಳಿಸಿ!" ಅಕ್ಕ ಕಿರುಚಿದಳು.

"ಅಯ್ಯೋ ಶಿವನೇ! ನೀನು ಕೈ ಎತ್ತಿದೆಯಲ್ಲಮ್ಮಾ! ನಾನು ನಿನ್ನ ಕೈ ನೋಡ್ದೆ, ನೀನು..." ಮಾಮ ಮುಂದಿನದನ್ನು ನುಂಗಿಕೊಂಡು ಚಕ್ರಕ್ಕೆ ಜೋತುಬಿದ್ದ. "ನುಗ್ಗೋ ನೀರಿಗೆ ಎದುರಾಗಿ ಇಳಿಸೋದು ಕಷ್ಟ. ಅರ್ಧಕ್ಕೆ ಬಂದ್ರೆ ನಮ್ಮ ಪುಣ್ಯ. ಯಾರಾದ್ರೂ ಕೈ ಹಾಕ್ರಪ್ಪಾ!"

ವಕೀಲರು ಬಿಸ್ಕತ್ತು ಬಿಸಾಡಿ ಮೇಲಕ್ಕೆ ಓಡಿದರು. ಡಾಕ್ಟರು ಸೈಕಲ್ಲಿನ ಕಡೆ ಓಡಿದರು. ಅಕ್ಕ ಅವರ ರಟ್ಟೆ ಹಿಡಿದು, "ನೀವು ಬಂದ್ರೆ ನಿಮ್ಮನ್ನೂ ನಾನೇ ಹುಡುಕಬೇಕಾಗುತ್ತೆ ಡಾಕ್ಟ್ರೇ. ಚಕ್ರ ತಿರುಗ್ಸಿ, ಹೋಗಿ!" ಎಂದು ದಬ್ಬಿ, ತನ್ನ ಸೈಕಲ್ಲು ಹತ್ತಿ ಇಳಿಜಾರಿನಲ್ಲಿ ಬಿಟ್ಟಳು.

ಜೊಂಡಿನೊಳಗೆ ದಾರಿ ಇನ್ನೂ ಒಣಗಿಯೇ ಇತ್ತು. ಎರಡೂ ಬದಿಯ ಕಾಲುವೆಗಳಲ್ಲಿ ನೀರು ಅವಳ ಜೊತೆಗೇ ಓಡುತ್ತಿತ್ತು. ಅವಳು ಪೆಡಲ್ ತುಳಿದಷ್ಟೂ ಅದು ಒಂದು ಗೇಣು ಮುಂದೆಯೇ ಇತ್ತು. ಏಡಿಗಳು ಬಿಲ ಬಿಟ್ಟು ದಾರಿಯ ಮೇಲೆ ಹತ್ತುತ್ತಿದ್ದವು. ಚಕ್ರದ ಕೆಳಗೆ ಪಟಪಟನೆ ಸಿಕ್ಕಿ ಸತ್ತವು. ಬೇರೆ ದಿನವಾಗಿದ್ದರೆ ಇಳಿದು, ಬದಿಗೆ ಸರಿಸಿ, ಪೇಟೆಯವರಿಗೆ ನಾಲ್ಕು ಮಾತು ಬುದ್ಧಿ ಹೇಳಿ ಮುಂದೆ ಹೋಗುತ್ತಿದ್ದವಳು ಅವಳೇ.

ಜೊಂಡು ಮುಗಿದು ಬಯಲು ಬಂತು. ದೂರದಲ್ಲಿ ಸಾಲಾಗಿ ನಿಂತಿದ್ದ ರಾಜಹಂಸಗಳು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುತ್ತಾ, ಆಮೇಲೆ ಒಟ್ಟಿಗೇ ಎದ್ದು ಆಕಾಶವನ್ನೆಲ್ಲ ಗುಲಾಬಿ ಮಾಡಿದವು. ಇದನ್ನು ನೋಡಲೆಂದೇ ಜನ ಎಷ್ಟೋ ದೂರದಿಂದ ಬರುತ್ತಾರೆ. ಅಕ್ಕನಿಗೆ ಕಂಡದ್ದು ಅವು ಬಿಟ್ಟುಹೋದ ಜಾಗದಲ್ಲಿ ಹೊಳೆಯುತ್ತಿದ್ದ ನೀರು ಮಾತ್ರ. ಇದ್ದಬದ್ದ ಉಸಿರನ್ನೆಲ್ಲ ಹಾಕಿ ಸೀಟಿ ಊದಿದಳು. ಕಡಲಗಾಳಿ ಅದನ್ನು ಎತ್ತಲೋ ಹೊತ್ತುಕೊಂಡು ಹೋಯಿತು.

ತಂಗಿಗೆ ಈಜು ಬರುತ್ತದೆ. ಆದರೆ ಇಲ್ಲಿ ಸಾಯಿಸುವುದು ನೀರಲ್ಲ, ಕೆಸರು. ದಾರಿ ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟರೆ ತೊಡೆಯವರೆಗೆ ಒಳಕ್ಕೆ ಎಳೆದುಕೊಳ್ಳುತ್ತದೆ, ಆಮೇಲೆ ನೀರು ತನ್ನ ಪಾಡಿಗೆ ತಾನು ಏರುತ್ತದೆ. ದಾರಿಯ ಎಡಗಡೆ ಗೂಟಗಳಿದ್ದವು. ಅವುಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಬಲಗಡೆಗೆ ಏನೂ ಇಲ್ಲ. ದಾರಿ ಮುಳುಗಿದ ಮೇಲೆ ಬಲಗಡೆಯ ಅಂಚು ಯಾರಿಗೂ ಗೊತ್ತಾಗದು.

ದಾರಿ ಮುಳುಗಿತ್ತು. ಮೊದಲು ಟಯರು ಮುಳುಗುವಷ್ಟು, ಆಮೇಲೆ ಕಡ್ಡಿಗಳು ಅರ್ಧ ಮುಳುಗುವಷ್ಟು ನೀರು ಬಂತು. ಪೆಡಲಿನ ಜೊತೆ ಕಾಲೂ ನೀರಿಗೆ ಇಳಿದು ಏಳತೊಡಗಿತು. ಅಕ್ಕ ಇಳಿದು ಸೈಕಲ್ಲು ತಳ್ಳುತ್ತಾ ಗೂಟಗಳ ಪಕ್ಕದಲ್ಲೇ ನಡೆದಳು. ಎದುರಿನಿಂದ, ತಿರುವಿನಲ್ಲಿ ಹಿಂದಕ್ಕೆ ಸುತ್ತಿ ಬರುವ ನೀರಿನ ಸುಳಿಯಲ್ಲಿ ಗಿರಗಿರನೆ ತಿರುಗುತ್ತಾ ಏನೋ ತೇಲಿ ಬಂತು. ಹಿಡಿಗೆ ಕೆಂಪು ದಾರ ಸುತ್ತಿದ ಪ್ಲಾಸ್ಟಿಕ್ಕಿನ ಪಂಪು. ಕೈ ಜಾರಬಾರದೆಂದು ಆ ದಾರ ಸುತ್ತಿದವಳು ಬಾಲ.

ಪಂಪನ್ನು ಕೆಳಗಿಡುವ ಹುಡುಗಿಯಲ್ಲ ಅವಳು. ನಿದ್ದೆಯಲ್ಲೂ ಪಂಪು ಎಲ್ಲಿದೆ ಎಂದು ಕೇಳಿದರೆ ಹೇಳಿಯಾಳು. "ಬಾಲಾ!" ಎಂದು ಅಕ್ಕ ಕೂಗಿದಳು. ಇಷ್ಟು ವರ್ಷ ಅವಳು ಆ ಹೆಸರನ್ನು ಇಷ್ಟು ಜೋರಾಗಿ ಕೂಗಿದ್ದೇ ಇಲ್ಲ, ಕೂಗುವ ಅಗತ್ಯವೇ ಬಿದ್ದಿರಲಿಲ್ಲ. ಯಾವಾಗ ಹಿಂದೆ ತಿರುಗಿದರೂ ಅವಳು ಅಲ್ಲಿ ಇರುತ್ತಿದ್ದಳು. ಹಿಂದೆ ಬರೋದು ಬಿಟ್ರೆ ನಿನಗೆ ಇನ್ನೇನು ಬರುತ್ತೆ, ಎಂದದ್ದು ಕಿವಿಯಲ್ಲಿ ಮತ್ತೆ ಮತ್ತೆ ಮೊಳಗಿ, ಅಕ್ಕ ನಡುನೀರಿನಲ್ಲಿ ನಿಂತು ಗೊಳೋ ಎಂದು ಅತ್ತುಬಿಟ್ಟಳು. ಅಳುತ್ತಲೇ ಸೈಕಲ್ಲು ತಳ್ಳಿದಳು.

ಆಗ ಸೀಟಿ ಕೇಳಿತು. ಗಿಡ್ಡ, ಗಿಡ್ಡ, ಉದ್ದ. ಹಿಂದಿನವರು ಮುಂದಿನವರಿಗೆ ಕೊಡುವ ಸದ್ದು: ಇದ್ದೇವೆ, ಬರುತ್ತಿದ್ದೇವೆ.

ತಿರುವು ದಾಟಿದಾಗ ಕಂಡರು. ತಂಗಿ ಮೊಣಕಾಲು ನೀರಿನಲ್ಲಿ, ಸೈಕಲ್ಲಿನ ಹ್ಯಾಂಡಲ್ ಹಿಡಿದು, ಮುಂದಿನ ಚಕ್ರವನ್ನು ಕುರುಡರ ಕೋಲಿನಂತೆ ಒತ್ತಿ ಒತ್ತಿ ನೋಡುತ್ತಾ ಬರುತ್ತಿದ್ದಳು. ಚಕ್ರ ಗಟ್ಟಿಯಾಗಿ ನಿಂತರೆ ದಾರಿ, ಹೂತರೆ ಕೆಸರು. ಡಾಕ್ಟರ ಹೆಂಡತಿ ಹಿಂದಿನ ಕ್ಯಾರಿಯರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು. ಅವರ ಸೈಕಲ್ಲು ಜೊತೆಗಿರಲಿಲ್ಲ. ಇಬ್ಬರೂ ಇದ್ದರು.

ಆದರೆ ಅಕ್ಕನಿಗೂ ಅವರಿಗೂ ನಡುವೆ ಕೊರಕಲು ಇತ್ತು. ದಾರಿ ಅಲ್ಲಿ ತಗ್ಗಿದ್ದರಿಂದ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾರಿಯನ್ನು ಅಡ್ಡಹಾಯ್ದು ಓಡುತ್ತಿತ್ತು. ಅಗಲ ಹೆಚ್ಚೇನಿಲ್ಲ, ಬೇರೆ ದಿನ ಪೆಡಲ್ ತುಳಿಯದೆಯೇ ದಾಟುವಂಥದ್ದು. ಈಗ ಸೊಂಟದಷ್ಟು ನೀರು, ಹಿಡಿದೆಳೆಯುವ ಸೆಳೆತ.

"ಅಲ್ಲೇ ನಿಲ್ಲು!" ಎಂದಳು ಅಕ್ಕ.

"ನಿಂತ್ರೆ ನೀರು ನಿಲ್ಲುತ್ತಾ? ನಿನ್ನ ಸೈಕಲ್ ಮುಂದಕ್ಕೆ ತಳ್ಳು!" ಎಂದು ತಂಗಿ ಕೂಗಿದಳು. "ಹ್ಯಾಂಡಲ್‌ಗೆ ಹ್ಯಾಂಡಲ್ ಸಿಗಿಸೋಣ. ಮೇಡಮ್ಮು ಹಿಡ್ಕೊಂಡು ದಾಟ್ತಾರೆ."

ಅಕ್ಕ ಎದುರು ಮಾತಾಡದೆ ಹೇಳಿದಂತೆ ಮಾಡಿದಳು. ಹಾಗೆ ಮಾಡಿದ್ದು ಅದೇ ಮೊದಲು. ಹಿಂದಿನ ಚಕ್ರವನ್ನು ಎರಡೂ ಕಾಲುಗಳ ನಡುವೆ ಇರುಕಿಸಿಕೊಂಡು ಸೈಕಲ್ಲನ್ನು ನೀರಿಗೆ ಚಾಚಿದಳು. ಆ ಕಡೆಯಿಂದ ತಂಗಿಯೂ ಚಾಚಿದಳು. ಎರಡು ಹ್ಯಾಂಡಲ್ಲುಗಳು ಹೋರಿಗಳ ಕೊಂಬಿನಂತೆ ಒಂದಕ್ಕೊಂದು ತೊಡರಿ ನಿಂತವು.

"ಬನ್ನಿ ಮೇಡಂ, ನೀರು ನೋಡ್ಬೇಡಿ. ಅಕ್ಕನ್ನ ನೋಡ್ಕೊಂಡು ಬನ್ನಿ" ಎಂದಳು ತಂಗಿ.

ಡಾಕ್ಟರ ಹೆಂಡತಿ ಒಂದು ಸೀಟು ಹಿಡಿದರು, ಹ್ಯಾಂಡಲ್ ಹಿಡಿದರು, ಮತ್ತೊಂದು ಹ್ಯಾಂಡಲ್ ಹಿಡಿದರು. ನಟ್ಟನಡುವೆ ಕಾಲು ತಪ್ಪಿ, ಗಲ್ಲದವರೆಗೆ ಮುಳುಗಿ, "ಅಮ್ಮಾ" ಎಂದರು. ಅವರ ಭಾರವೆಲ್ಲ ಸೈಕಲ್ಲುಗಳ ಮೇಲೆ ಬಿತ್ತು. ಅಕ್ಕನ ತೊಡೆಯನ್ನು ಟಯರು ಉಜ್ಜಿ ಚರ್ಮ ಕಿತ್ತಿತು. ಅವಳು ಹಲ್ಲು ಕಚ್ಚಿ ನಿಂತಳು. ಒಂದು ಕೈ ಚಾಚಿ ಅವರ ಕಾಲರಿಗೆ ಕೈ ಹಾಕಿ ಎಳೆದಳು. ಅವರು ಬಂದು ಅವಳ ಸೊಂಟವನ್ನು ತಬ್ಬಿ ಹಿಡಿದುಕೊಂಡರು.

ಇನ್ನು ಉಳಿದದ್ದು ತಂಗಿ. ಆ ತುದಿಯ ಸೈಕಲ್ಲನ್ನು ಹಿಡಿದು ನಿಲ್ಲಲು ಅವಳ ಹಿಂದೆ ಯಾರೂ ಇರಲಿಲ್ಲ.

"ಸೈಕಲ್ ಬಿಟ್ಟು ಬಾ" ಎಂದಳು ಅಕ್ಕ.

"ಬಿಟ್ರೆ ಹೋಗುತ್ತೆ."

"ಹಾಳಾಗಿ ಹೋಗ್ಲಿ! ನೀನು ಬಾ!"

ತಂಗಿ ಬಿಡಲಿಲ್ಲ. ಸೈಕಲ್ಲಿನ ಜೊತೆಗೇ ನೀರಿಗಿಳಿದಳು. ಸೆಳೆತ ಅವಳನ್ನು ಪಕ್ಕಕ್ಕೆ ತಿರುಗಿಸಿತು. ಹ್ಯಾಂಡಲ್ಲು ಕಳಚಿಕೊಳ್ಳುವಂತೆ ಜಗ್ಗಿತು. ಅಕ್ಕ ತನ್ನ ಸೈಕಲ್ಲನ್ನು ಎದೆಗೆ ಅವಚಿಕೊಂಡು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದಳು. ಡಾಕ್ಟರ ಹೆಂಡತಿ ಅವಳನ್ನು ಎಳೆದರು. ತೂಬಿನ ಕಡೆ ಬಾಗಿಲು ಎಷ್ಟೋ ಇಳಿದಿರಬೇಕು, ನೀರಿನ ಜೋರು ಒಂದಿಷ್ಟು ತಗ್ಗಿದಂತಿತ್ತು. ಅಕ್ಕ ಅದನ್ನು ಗಮನಿಸಲಿಲ್ಲ. ತಂಗಿಯ ಮುಖವನ್ನೇ ನೋಡುತ್ತಿದ್ದಳು. ಗಲ್ಲಕ್ಕೆ ಅಂಟಿದ್ದ ಕೂದಲು, ಕಚ್ಚಿ ಹಿಡಿದ ತುಟಿ, ಹುಬ್ಬಿನ ಮೇಲೆ ಗ್ರೀಸಿನ ಒಂದು ಗೆರೆ. ಆ ಮುಖದಿಂದ ಕಣ್ಣು ಕಿತ್ತರೆ ಎಲ್ಲವೂ ಕೈತಪ್ಪುತ್ತದೆ ಎಂಬಂತೆ ನೋಡುತ್ತಿದ್ದಳು. ಕೊನೆಗೆ ಆ ಮುಖ ಅವಳ ಭುಜಕ್ಕೆ ಬಂದು ಗುದ್ದಿತು.

ಮೂವರೂ ಗೂಟಗಳನ್ನು ಹಿಡಿದು ನಡೆದರು.

"ಕಡಲಹಕ್ಕಿಗಳು ಚಿಪ್ಪು ಒಡೆಯೋಕೆ ಗಟ್ಟಿ ದಾರಿ ಮೇಲೆ ಎತ್ತಿ ಹಾಕ್ತವಲ್ಲ, ಆ ಚೂರು" ಎಂದಳು ತಂಗಿ. "ಟಯರಿಗೆ ಎರಡು ಕಡೆ ಚುಚ್ಚಿತ್ತು. ಪ್ಯಾಚ್ ಹಾಕಿ ಗಾಳಿ ತುಂಬ್ತಾ ಇದ್ದೆ. ನೋಡಿದ್ರೆ ಕಾಲ್ಕೆಳಗೆ ನೀರು. ಮಾಮ ಯಾಕೆ ಬಿಟ್ಟ?"

"ನಾನೇ ಕೈ ಎತ್ತಿದೆ."

"ಡಾಕ್ಟರು ಹೇಳ್ಲಿಲ್ವಾ?"

"ಹೇಳಿದ್ರು. ಆಮೇಲೆ."

ತಂಗಿ ನಿಂತುಬಿಟ್ಟಳು. "ಜಾಕೆಟ್ಟು ನೋಡಿ ಎತ್ತಿದ್ಯಾ?" ಎಂದಳು. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಅವರು ನನ್ನ ಎರಡರಷ್ಟು ಇದಾರೆ ಅಕ್ಕಾ. ಜಾಕೆಟ್ಟು ಇರೋದು ಮಿಕ್ಕವರಿಗೆ ಅಂದ್ಕೊಂಡಿದ್ದೆ. ನಿನಗೆ ನನ್ನ ಗುರುತು ಸಿಗಲ್ಲ ಅಂತ ನನಗೆ ಹೊಳೀಲೇ ಇಲ್ಲ."

ತಂಗಿ ಸೈಕಲ್ಲು ಹೊಡೆಯುವಾಗ ಬಾಗಿ ಕೂರುತ್ತಾಳೋ ನೆಟ್ಟಗೆ ಕೂರುತ್ತಾಳೋ, ಅದೂ ಅಕ್ಕನಿಗೆ ಗೊತ್ತಿರಲಿಲ್ಲ. ಯಾವತ್ತೂ ಮುಂದೆ ಇದ್ದವಳಿಗೆ ಹಿಂದಿನದು ಹೇಗೆ ಗೊತ್ತಾಗಬೇಕು?

ಕಟ್ಟೆಯ ಮೇಲೆ ಡಾಕ್ಟರು ಹೆಂಡತಿಯನ್ನು ಕಂಡದ್ದೇ ಚಿಕ್ಕ ಮಗುವಿನಂತೆ ಬಿಕ್ಕಿದರು. ಹೆಂಡತಿ ಅವರ ಬೆನ್ನು ಸವರುತ್ತಾ, "ಸಾಕು ಸುಮ್ನಿರಿ, ಎಲ್ಲರೂ ನೋಡ್ತಿದಾರೆ. ನೀರುನಾಯಿ ಫೋಟೋ ಆದ್ರೂ ಸರಿಯಾಗಿ ಬಂತಾ?" ಎಂದರು. ಬಂದಿರಲಿಲ್ಲ. ವಕೀಲರ ಅಂಗೈಗಳಲ್ಲಿ ಬೊಬ್ಬೆ ಎದ್ದಿತ್ತು. ತೂಬಿನ ಮಾಮ ಚಕ್ರಕ್ಕೆ ಒರಗಿ ಕೂತು, ಯಾರ ಕಡೆಗೂ ನೋಡದೆ, ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಮುಖ ಒರೆಸಿಕೊಂಡ.

ಪೇಟೆಗೆ ಇನ್ನೂ ದೂರವಿತ್ತು, ದಾರಿ ಕಟ್ಟೆಯ ಮೇಲೇ. ಡಾಕ್ಟರು ಜಾಕೆಟ್ಟು ಬಿಚ್ಚಿ, ಅದನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಅಕ್ಕತಂಗಿಯರ ನಡುವೆ ಹಿಡಿದು ನಿಂತರು. ತಂಗಿ ಕೈ ಚಾಚಿದಳು. ಅಷ್ಟರಲ್ಲಿ ಅಕ್ಕ ಅದನ್ನು ತೆಗೆದುಕೊಂಡು ತೋಳು ತೂರಿಸಿದಳು. ಒಳಗೆಲ್ಲ ಒದ್ದೆಯಾಗಿತ್ತು.

"ನೀನು ಮುಂದೆ ಹೋಗು" ಎಂದಳು.

ತಂಗಿ ಅವಳನ್ನೇ ನೋಡಿದಳು. "ದಯೆ ತೋರಿಸ್ತಿದ್ದೀಯಾ?"

"ಇಲ್ಲ. ಕಾಲು ತರಚಿದೆ, ಜೋರಾಗಿ ತುಳಿಯೋಕಾಗಲ್ಲ." ಅಕ್ಕ ಜಿಪ್ಪು ಎಳೆದಳು, ಅದು ಕತ್ತಿನವರೆಗೂ ಬಂತು. "ಗುಡ್ಡದ ಕಡೆ ಯಾವಾಗ ಹೊರಡೋದು?"

"ಮುಂದಿನ ವಾರ."

"ನಿನ್ನ ಸೈಕಲ್ಲಿಗೆ ಬ್ರೇಕು ಹೊಸದು ಹಾಕಿಕೊಡ್ತೀನಿ. ಇಲ್ಲೆಲ್ಲ ಚಪ್ಪಟೆ, ಹೇಗಿದ್ರೂ ನಡೀತು. ಅಲ್ಲಿ ಇಳಿಜಾರು."

ತಂಗಿ ಸೈಕಲ್ಲು ಹತ್ತಿ ಹೊರಟಳು. ಅವಳ ಹಿಂದೆ ವಕೀಲರು, ಅವರ ಹಿಂದೆ ಹೆಂಡತಿಯನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ತೂರಾಡುತ್ತಾ ಡಾಕ್ಟರು. ಎಲ್ಲರೂ ಹೋದ ಮೇಲೆ ಅಕ್ಕ ಹತ್ತಿದಳು. ಹಿಂದಿನಿಂದ ನೋಡಿದರೆ ತಂಗಿ ಎಡಕ್ಕೆ ಒಂದಿಷ್ಟು ವಾಲಿ ಕೂರುತ್ತಿದ್ದಳು. ಬಲಗಾಲಿನ ಹಿಮ್ಮಡಿ ಹೊರಕ್ಕೆ ಚಾಚುತ್ತಿತ್ತು. ಆಗಾಗ ಒಂದು ಕೈ ಬಿಟ್ಟು ಕತ್ತಿನ ಹಿಂಭಾಗ ತುರಿಸಿಕೊಳ್ಳುತ್ತಿದ್ದಳು.

ಸೂರ್ಯ ಇಳಿಯುವ ಹೊತ್ತಿಗೆ ಪೇಟೆಯ ರಸ್ತೆಯ ತಿರುವು ಬಂತು. ತಂಗಿ ಒಂದು ಕಾಲು ನೆಲಕ್ಕೆ ಊರಿ ನಿಂತಳು. ವಕೀಲರು ಬಂದರು, ಡಾಕ್ಟರ ದಂಪತಿಗಳು ಬಂದರು. ಬಹಳ ಹಿಂದೆ, ಕಟ್ಟೆಯ ಮೇಲೆ, ಕಿತ್ತಳೆ ಜಾಕೆಟ್ಟು ಚೆನ್ನಾಗಿಯೇ ಕಾಣುತ್ತಿತ್ತು. "ಅಕ್ಕ ಬಂದ್ರಲ್ಲ, ಹೊರಡೋಣ್ವಾ?" ಎಂದರು ದೊಡ್ಡ ವಕೀಲರು. ತಂಗಿ ಇರಿ ಎಂದಳು. ಕೈಯನ್ನು ಹಣೆಗೆ ಅಡ್ಡ ಹಿಡಿದಳು. ಜಾಕೆಟ್ಟು ಕುಂಟುತ್ತಾ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಅದರ ಮೇಲಿನ ಮುಖದಲ್ಲಿ ಕಣ್ಣು, ಮೂಗು, ಬಾಯಿ ಎಲ್ಲವೂ ಸ್ಪಷ್ಟವಾಗಿ ಕಂಡ ಮೇಲೆ ಅವಳು ಕೈ ಎತ್ತಿದಳು.